ಎರಡು ದೀರ್ಘಗಳಲ್ಲಿ ಸಿಕ್ಕಿಬಿದ್ದ ದಳವಾಯಿ

ಕೋಟೆಗೆ ಇದ್ದದ್ದು ಒಂದೇ ಬಾಗಿಲು. ಅದು ಕಂಚಿನದೂ ಅಲ್ಲ, ತೇಗದ್ದೂ ಅಲ್ಲ. ಮೇಲಕ್ಕೆ ಸುರುಳಿ ಸುತ್ತಿಕೊಳ್ಳುವ ತಗಡಿನದು. ಅದನ್ನು ಎತ್ತುವ ವಿದ್ಯೆ ಮೂರು ಲೋಕದಲ್ಲಿ ಒಬ್ಬಳಿಗೇ ಸಿದ್ಧಿಸಿತ್ತು. ಬೀಗ ತೆಗೆಯಬೇಕು, ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿಯಬೇಕು, ಎಡಗಡೆಯ ಕೆಳಮೂಲೆಗೆ ಮೊಣಕಾಲಿನಿಂದ ಒಂದು ಗುದ್ದು ಕೊಡಬೇಕು. ಶಟರು ಬೆಚ್ಚಿ ಸಡಿಲವಾದ ಆ ಗಳಿಗೆಯಲ್ಲೇ, ಅದಕ್ಕೆ ಯೋಚಿಸಲು ಸಮಯ ಕೊಡದೆ, ಮೇಲೆತ್ತಿಬಿಡಬೇಕು. ಎತ್ತುವುದು ಮೊದಲಾದರೆ ಅದು ಜಪ್ಪಯ್ಯ ಎಂದರೂ ಜಗ್ಗುವುದಿಲ್ಲ. ತಡವಾದರೆ ವಾಪಸು ಬಂದು ಕಾಲಬೆರಳಿನ ಮೇಲೆ ಕೂರುತ್ತದೆ. ಈ ವಿದ್ಯೆಯ ಒಡತಿಯನ್ನು ಬೀದಿಯವರೆಲ್ಲ ದಳವಾಯಿ ಎಂದು ಕರೆಯುತ್ತಿದ್ದರು.

ಕೋಟೆಯೆಂದರೆ ಒಂದು ಲಾಂಡ್ರಿ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಒಳಮೆಟ್ಟಿಲು. ಹಿಂಬಾಗಿಲು ಒಂದು ಇದ್ದದ್ದು ನಿಜ. ಆದರೆ ಬಾಯ್ಲರು ಬಂದ ವರ್ಷ ಅದನ್ನು ಇಡಲು ಬೇರೆ ಜಾಗ ಸಿಗದೆ ಆ ಬಾಗಿಲಿಗೇ ಬೆನ್ನು ಕೊಟ್ಟು ನಿಲ್ಲಿಸಿದರು. ಅಂದಿನಿಂದ ಅದು ಗೋಡೆ ಎನಿಸಿಕೊಂಡಿತು. ಮನೆಯಿಂದ ಅಂಗಡಿಗೆ ಇಳಿಯಲು, ಅಂಗಡಿಯಿಂದ ಮನೆಗೆ ಹತ್ತಲು ಬೀದಿಗೆ ಕಾಲಿಡಬೇಕಾಗಿಯೇ ಇರಲಿಲ್ಲ. ಚಪ್ಪಲಿ ಸವೆಯದ ಸಂಸ್ಥಾನ. ಕೌಂಟರಿನ ಹಿಂದೆ ನಿಂತರೆ ಚಾವಣಿಯ ಕಂಬಿಗಳಿಂದ ಇಳಿಬಿದ್ದ ಕೋಟು, ಸೀರೆ, ಪರದೆಗಳ ನಡುವೆ ಬೀದಿಯ ಒಂದು ಪಟ್ಟಿ ಕಾಣುತ್ತಿತ್ತು. ಆ ಪಟ್ಟಿಯಲ್ಲಿ ಎದುರಿನ ಬಸ್ ನಿಲ್ದಾಣದ ಅರ್ಧ ಬೆಂಚು. ಬಸ್ಸುಗಳು ಬಂದರೆ ದಳವಾಯಿಗೆ ಕಾಣುತ್ತಿದ್ದದ್ದು ಹೊಟ್ಟೆ ಮಾತ್ರ. ಎಲ್ಲಿಗೆ ಹೋಗುತ್ತವೆ ಎಂದು ಹಣೆಯ ಮೇಲೆ ಬರೆದದ್ದು ಯಾರದೋ ಪ್ಯಾಂಟಿನ ಹಿಂದೆ ಮರೆಯಾಗುತ್ತಿತ್ತು.

ಅವಳು ಅಲ್ಲಿಗೆ ಬಂದು ನಿಂತದ್ದು ಒಂದು ವಾರದ ಮಟ್ಟಿಗೆ. ಅಪ್ಪ ಕಾಲು ಉಳುಕಿಸಿಕೊಂಡಿದ್ದರು, ಅಣ್ಣನಿಗೆ ಹೊಸದಾಗಿ ಮದುವೆಯಾಗಿತ್ತು, ಕೌಂಟರಿಗೆ ಒಬ್ಬರು ಬೇಕಿತ್ತು. ಅಪ್ಪನ ಕಾಲು ವಾಸಿಯಾಯಿತು, ಮುಂದೆ ಅಪ್ಪನೂ ಹೋದರು, ಅಣ್ಣನ ಮಗ ಓದು ಮುಗಿಸಿ ಬೇರೆ ಊರಿನಲ್ಲಿ ನೆಲೆ ನಿಂತ. ಆ ಒಂದು ವಾರ ಮಾತ್ರ ಮುಗಿಯಲಿಲ್ಲ. ದಳವಾಯಿಯ ತಲೆಯಲ್ಲಿ ಬೆಳ್ಳಿಗೆರೆ ಮೂಡಿದರೂ ಅಣ್ಣನಿಗೆ ಅವಳಿನ್ನೂ 'ಪುಟ್ಟಿ'.

ಈ ಅಣ್ಣನ ಬಗ್ಗೆ ಕೆಟ್ಟದ್ದು ಹೇಳಿದರೆ ನಾಲಿಗೆ ಬಿದ್ದುಹೋದೀತು. ತಂಗಿಗೆ ಒಂದು ದಿನ ಗದರಿದವನಲ್ಲ. ಅವನ ಬಳಿ ಇದ್ದದ್ದು ಒಂದೇ ಅಸ್ತ್ರ, ಆದರೆ ಅದು ಬ್ರಹ್ಮಾಸ್ತ್ರ: ಸೊಂಟ. ತಂಗಿ ಎಲ್ಲಿಗಾದರೂ ಹೋಗುವ ಮಾತೆತ್ತಿದಳೋ, ಸೊಂಟ ಹಿಡಿಯಿತು. ಹಿಂದೆ ಒಂದು ಸಂಬಂಧ ಕೂಡಿಬಂದಿತ್ತು. ಗಂಡಿನ ಕಡೆಯವರು ಮೇಲಿನ ಮನೆಯಲ್ಲಿ ಕುಳಿತು ಬಿಸ್ಕತ್ತು ಕಡಿಯುತ್ತಿದ್ದಾಗಲೇ ಅಣ್ಣ ಮೆಟ್ಟಿಲ ನಡುವೆ ಹಿಡಿದುಕೊಂಡ. ಮೇಲೂ ಬರಲಾರ, ಕೆಳಗೂ ಇಳಿಯಲಾರ. ಬೀಗರು ಇಳಿದು ಹೋಗಬೇಕಾದರೆ ಅವನನ್ನು ದಾಟಿಕೊಂಡು ಹೋಗಬೇಕಾಯಿತು. ಹಾಗೆ ದಾಟಿ ಹೋದವರು ಮತ್ತೆ ದಾಟಿ ಬರಲಿಲ್ಲ.

ಅವಳ ಕೋಣೆಯನ್ನೂ ನೋಡಿಬಿಡಿ. ಮೇಲಿನ ಮನೆಯ ತುದಿಯಲ್ಲಿ ಕಿಟಕಿಯಿಲ್ಲದ ಒಂದು ಉಗ್ರಾಣವಿತ್ತು. ಒಗೆಯಲು ಕೊಟ್ಟು ವರ್ಷಗಟ್ಟಲೆ ಯಾರೂ ವಾಪಸು ಕೇಳದ ಬಟ್ಟೆಗಳೆಲ್ಲ ಅಲ್ಲಿ ಮೂರು ಗೋಡೆಗೂ ತೂಗುತ್ತಿದ್ದವು: ಹೋಟೆಲು ಮಾಣಿಯ ಬಿಳಿ ಕೋಟು, ಯಾರದೋ ಮದುವೆಯ ಸೂಟು, ಒಂದು ಪೊಲೀಸು ಪ್ಯಾಂಟು. ನಾಲ್ಕನೆಯ ಗೋಡೆಗೆ ದಳವಾಯಿಯ ಮಂಚ. "ವಾರಸುದಾರರು ಬಂದು ಕೇಳೋ ತನಕ ಎಲ್ಲಾನೂ ಇಲ್ಲೇ ಇರುತ್ತೆ" ಎಂದು ಅವಳು ಬಂದವರಿಗೆ ಕೋಣೆ ತೋರಿಸಿ ನಗುತ್ತಿದ್ದಳು. ಬಂದವರು ನಗಬೇಕೋ ಬೇಡವೋ ತಿಳಿಯದೆ ಪೊಲೀಸು ಪ್ಯಾಂಟಿನ ಕಡೆ ನೋಡುತ್ತಿದ್ದರು.

ಇಂಥ ಕೋಟೆಯಲ್ಲಿ ಅವಳಿಗೆ ಒಂದು ಸೈನ್ಯವಿತ್ತು. ಮೂರು ಸಂಪುಟಗಳ ಸೈನ್ಯ. ಹೆಸರು 'ಕಂಚಿನ ಹೆಬ್ಬಾಗಿಲು'.

ಅದು ಸಿಕ್ಕ ಬಗೆಯೇ ಒಂದು ದಂಡಯಾತ್ರೆ. ಇಸ್ತ್ರಿಯಾದ ಅಂಗಿಯ ಕಾಲರು ಬಾಗದಿರಲಿ ಎಂದು ಮಡಿಕೆಯೊಳಗೆ ಕಾಗದ ಇಡುತ್ತಾರಲ್ಲ, ಅದಕ್ಕಾಗಿ ಅಂಗಡಿಗೆ ಹಳೆಯ ಕಾಗದದ ಕಟ್ಟು ಬರುತ್ತಿತ್ತು. ಅವಳು ಕೌಂಟರಿಗೆ ಬಂದ ಮೊದಲ ವರ್ಷ ಅಂಥ ಒಂದು ಕಟ್ಟಿನಲ್ಲಿ ಈ ಕಾದಂಬರಿ ಬಂತು. ಅವಳು ಗಮನಿಸುವಷ್ಟರಲ್ಲಿ ಮೊದಲ ಸಂಪುಟದ ಮುಖಪುಟ, ಬರೆದವರ ಹೆಸರು, ಅರ್ಪಣೆ, ಮೊದಲನೆಯ ಅಧ್ಯಾಯ ಎಲ್ಲ ಯಾರ್ಯಾರದೋ ಕಾಲರುಗಳೊಳಗೆ ಸೇರಿ ಊರು ಸುತ್ತಲು ಹೊರಟಾಗಿತ್ತು. ಹರಿಯಲು ಎತ್ತಿದ್ದ ಮುಂದಿನ ಹಾಳೆಯ ಮೇಲೆ ಅವಳ ಕಣ್ಣು ಬಿತ್ತು: ಎರಡು ನದಿಗಳ ನಡುವಿನ ಒಂದು ಪುರಾತನ ನಗರ, ಸುತ್ತ ಶತ್ರುವಿನ ಡೇರೆಗಳು, ಗೋಡೆಯ ಮೇಲೆ ಒಬ್ಬ ಸೇನಾಪತಿ ತನ್ನ ಕುದುರೆಗೆ ತನ್ನ ಪಾಲಿನ ನೀರು ಕುಡಿಸುತ್ತಿದ್ದಾನೆ. ಕೈ ನಿಂತಿತು. ಅಂದು ಅಂಗಿಗಳು ಕಾಗದವಿಲ್ಲದೆ ಹೋದವು. "ಏನಮ್ಮಾ, ಕಾಲರು ನಾಯಿ ಕಿವಿ ಥರ ಜೋತು ಬಿದ್ದಿದೆ" ಎಂದು ಗಿರಾಕಿಗಳು ಬೈದರು. ಅವಳಿಗೆ ಕೇಳಿಸಲೇ ಇಲ್ಲ.

ಅಂದಿನಿಂದ ಅವಳು ಅದನ್ನು ಓದುತ್ತಲೇ ಇದ್ದಳು. ಮುಗಿಯುವುದು, ಮತ್ತೆ ಶುರುವಾಗುವುದು. ಬಾಯ್ಲರಿನ ಹಬೆ ಕುಡಿದು ಹಾಳೆಗಳು ಹಳೆಯ ಮಲ್ಲು ಬಟ್ಟೆಯಂತೆ ಮೆತ್ತಗಾಗಿದ್ದವು. ಪುಸ್ತಕಕ್ಕೆ ಗಂಜಿಯ ವಾಸನೆ ಹತ್ತಿತ್ತು. ರಾಯಭಾರಿಗಳು ಬಂದು ಉದ್ದುದ್ದ ಭಾಷಣ ಮಾಡುವ ಪುಟಗಳನ್ನು ಅವಳು ಗಿರಾಕಿ ಬಂದಾಗ ಓದುತ್ತಿದ್ದಳು, ಕುದುರೆಗಳು ಬರುವ ಪುಟಗಳನ್ನು ಗಿರಾಕಿ ಹೋದ ಮೇಲೆ. ವಿಚಿತ್ರವೆಂದರೆ ಪುಸ್ತಕ ಅದೇ ಆದರೂ ಅದರೊಳಗಿನವರು ಬದಲಾಗುತ್ತಾ ಬಂದರು. ಮೊದಲ ಸಲ ಓದಿದಾಗ ಸೇನಾಪತಿ ಅವಳಿಗಿಂತ ದೊಡ್ಡವನು, ಗಂಭೀರ, ನೋಡಿದರೆ ಮೈ ಜುಮ್ಮೆನ್ನಬೇಕು. ಆಮೇಲೆ ಓರಗೆಯವನಾದ. ಈಚೀಚೆಗೆ, ಅವನೂ ಒಬ್ಬ ಹುಡುಗ, ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ, ತಲೆಗೆ ಎಣ್ಣೆ ಕಾಣಿಸಿಲ್ಲ ಎನಿಸತೊಡಗಿತ್ತು. ಅದೇ ಹೊತ್ತಿಗೆ ಮುದುಕಿ ಎಂದು ಪುಟ ಹಾರಿಸುತ್ತಿದ್ದ ರಾಜಮಾತೆ ಹತ್ತಿರವಾಗತೊಡಗಿದ್ದಳು.

ಎರಡನೆಯ ಸಂಪುಟದ ನಡುವೆ ಒಂದು ದೃಶ್ಯವಿದೆ. ಮುತ್ತಿಗೆ ಚಳಿಗಾಲಕ್ಕೆ ಕಾಲಿಟ್ಟಿದೆ. ರಾಜಮಾತೆ ಮಗನನ್ನು, ಅಂದರೆ ಆ ಸೇನಾಪತಿಯನ್ನು, ಕರೆಸುತ್ತಾಳೆ. ಅವನ ಕೈಗೆ ಒಂದು ಜೊತೆ ಚಪ್ಪಲಿ, ಒಂದು ನೀರಿನ ಚೀಲ, ಒಂದು ಬುತ್ತಿ, ಕೋಟೆಯ ದಿಡ್ಡಿ ಬಾಗಿಲಿನ ಕೀಲಿಕೈ, ಇಷ್ಟನ್ನು ಕೊಟ್ಟು ಹೇಳುತ್ತಾಳೆ: "ಮಗನೇ, ಇನ್ನು ತಡಮಾಡಬೇಡ, ಹೋರಾಡು." ಮಗ ಅವಳ ಕಾಲಿಗೆ ಬಿದ್ದು ಅಳುತ್ತಾನೆ, ಗೋಡೆಗೆ ಮರಳುತ್ತಾನೆ, ವಸಂತ ಬರುವ ಮೊದಲು ಕಂಚಿನ ಹೆಬ್ಬಾಗಿಲ ಬಳಿ ಮಡಿಯುತ್ತಾನೆ.

ಆ 'ಹೋರಾಡು' ಎಂಬ ಒಂದು ಮಾತೇ ದಳವಾಯಿಯನ್ನು ದಳವಾಯಿ ಮಾಡಿದ್ದು. ಶಾಯಿಯ ಕಲೆ ಬಿಡದಿದ್ದರೆ 'ಹೋರಾಡು'. ಗಿರಾಕಿ ಕೂಗಾಡಿದರೆ 'ಹೋರಾಡು'. ಹಿಂದೆ ಎರಡು ಸಲ ಬೇರೆ ಕಡೆ ಕೆಲಸದ ಕರೆ ಬಂದಾಗಲೂ ಅವಳು ಈ ಪುಟ ತೆಗೆದಳು, ತಾಯಿಯ ಅಪ್ಪಣೆ ಓದಿದಳು, ಕಣ್ಣೊರೆಸಿಕೊಂಡು ಕೌಂಟರಿಗೆ ಮರಳಿದಳು. ಕೋಟೆ ಬಿಟ್ಟು ಓಡುವುದು ಹೇಡಿಗಳ ಕೆಲಸ!

ಇದಕ್ಕೆ ತಕರಾರು ಎತ್ತುತ್ತಿದ್ದವನು ಒಬ್ಬನೇ, ಇಸ್ತ್ರಿ ಮೇಜಿನ ಹಬೆ ಮಾಮ. ಅಪ್ಪನ ಕಾಲದಿಂದ ಇದ್ದವನು. ಮಧ್ಯಾಹ್ನ ಗಿರಾಕಿ ತೆಳುವಾದಾಗ ಅವಳು ಓದುತ್ತಿದ್ದಳು, ಅವನು ಇಸ್ತ್ರಿ ಮಾಡುತ್ತಾ ಕೇಳುತ್ತಿದ್ದ, ಪ್ರತಿ ಸಲವೂ ಅದೇ ಜಾಗದಲ್ಲಿ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸುತ್ತಿದ್ದ.

"ಅಲ್ಲಮ್ಮಾ, ಯುದ್ಧಕ್ಕೆ ಕತ್ತಿ ಕೊಡ್ತಾರೆ. ಚಪ್ಪಲಿ ಯಾಕೆ?"

"ಬರಿಗಾಲಲ್ಲಿ ಯುದ್ಧ ಮಾಡ್ತಾರಾ ಮಾಮ? ಮುಳ್ಳು ಚುಚ್ಚಲ್ವಾ?"

"ಬುತ್ತಿ?"

"ಹೊಟ್ಟೆ ಹಸಿಯಲ್ವಾ?"

"ಕೀಲಿಕೈ?"

"ಶತ್ರು ಕೈಗೆ ಸಿಗಬಾರದು ಅಂತ. ನೀನು ಕೋಟಿನ ತೋಳು ಸುಡಬೇಡ, ಅತ್ತ ನೋಡು."

ಮೂರನೆಯ ಸಂಪುಟದಲ್ಲಿ ಇನ್ನೊಂದು ತೊಡಕಿತ್ತು. ಮಗನ ಹೆಣದ ಮುಂದೆ ನಿಂತು ರಾಜಮಾತೆ ಹೇಳುತ್ತಾಳೆ: "ನನ್ನ ಒಂದೇ ಒಂದು ಮಾತನ್ನು ಇವನು ಕೇಳಲಿಲ್ಲ." ಹೋರಾಡು ಎಂದಳು, ಹೋರಾಡಿ ಸತ್ತ, ಇನ್ನೇನು ಕೇಳಬೇಕಿತ್ತು? ಹಬೆ ಮಾಮ ಇಲ್ಲಿ ಹಲ್ಲು ಕಿರಿಯುತ್ತಿದ್ದ. ದಳವಾಯಿ ಬಗ್ಗುವವಳಲ್ಲ. ಸೇನಾಪತಿಯ ಸೊಂಟದಲ್ಲಿ ಬುತ್ತಿ ಬಿಚ್ಚದೆ ಹಾಗೇ ಉಳಿದಿತ್ತು ಎಂದು ಅದೇ ಪುಟದಲ್ಲಿತ್ತಲ್ಲ. "ನೋಡು, ಊಟ ಮಾಡ್ಲಿಲ್ಲ. ಅದಕ್ಕೇ ತಾಯಿಗೆ ಬೇಜಾರು. ತಾಯಂದಿರು ಹಾಗೇ ಮಾಮ, ಮಗ ಸತ್ತಿದ್ದಕ್ಕಿಂತ ಉಣ್ಣದೆ ಸತ್ತ ಅನ್ನೋದೇ ದೊಡ್ಡದು." ಹಬೆ ಮಾಮ ಮತ್ತೆ ಇಸ್ತ್ರಿಪೆಟ್ಟಿಗೆ ಹಿಡಿಯುತ್ತಿದ್ದ. ಇಂಥ ವ್ಯಾಖ್ಯಾನಕ್ಕೆ ಉತ್ತರ ಯಾರ ಬಳಿಯೂ ಇರುವುದಿಲ್ಲ.

ಹೀಗಿರುವಾಗ ಒಂದು ಗುರುವಾರ ಫೋನು ಬಂತು. ಗುಂಡಿ ಗೆಳತಿಯದು. ಹಿಂದೆ ಇದೇ ಅಂಗಡಿಯಲ್ಲಿ ಬಿದ್ದುಹೋದ ಗುಂಡಿ ಹೊಲಿಯುತ್ತಿದ್ದವಳು; ಈಗ ದೂರದ ಊರಿನ ನಾಟಕ ಕಂಪನಿಯಲ್ಲಿ ವೇಷದ ಕೋಣೆಯ ಯಜಮಾನಿ.

"ಲೇ ದಳವಾಯಿ, ಬದುಕಿದ್ದೀಯೇನೇ?"

"ಬೇಯ್ತಾ ಇದ್ದೀನಿ. ಏನು ವಿಷಯ?"

"ನನ್ನ ಜೊತೆ ವೇಷದ ಕೋಣೆಗೆ ಒಬ್ಬರು ಬೇಕು. ಈ ಸಲದ ನಾಟಕದಲ್ಲಿ ಬರೀ ರಾಜರು ಕಣೇ. ರಾಜರು ಎಷ್ಟು ಬೆವರ್ತಾರೆ ಗೊತ್ತಾ? ಒಬ್ಬೊಬ್ಬನ ನಿಲುವಂಗಿ ಹಿಂಡಿದ್ರೆ ಒಂದು ಬಕೆಟ್ಟು. ಜರಿಗೆ ಏಟಾಗದ ಹಾಗೆ ಒಗೆಯೋಕೆ ನಿನ್ನ ಬಿಟ್ರೆ ಯಾರಿಗೆ ಬರುತ್ತೆ? ಇರೋಕೆ ಕೋಣೆ ಕೊಡ್ತಾರೆ. ಕಿಟಕಿ ಇದೆ."

"ಕಿಟಕಿಯಿಂದ ಏನು ಕಾಣುತ್ತೆ?"

"ಇದೇನೇ ಹೀಗ್ ಕೇಳ್ತೀಯಾ? ಹೊರಗಡೆ ಕಾಣುತ್ತೆ."

ದಳವಾಯಿ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ನೋಡು, ಸೋಮವಾರ ಬೆಳಗ್ಗೆ ಬಂದು ನಿಂತ್ರೆ ಕೆಲಸ ನಿಂದು. ಇಲ್ಲಾಂದ್ರೆ ಮ್ಯಾನೇಜರಿನ ಅಳಿಯನ ತಂಗಿ ಬಾಗಿಲಲ್ಲೇ ಕೂತಿದ್ದಾಳೆ. ಎರಡು ಸಲ ಕರೆದೆ, ಬರಲಿಲ್ಲ. ಇದು ಮೂರನೇದು. ಇನ್ನು ನಿನ್ನ ಕರೆದ್ರೆ ನನ್ನ ಹೆಸರು ಬದಲಾಯಿಸು."

ದಳವಾಯಿ ಫೋನಿಟ್ಟಳು. ಮೇಲೆ ತೂಗುವ ಬಟ್ಟೆಗಳನ್ನು ನೋಡಿದಳು. ಅವುಗಳ ಕಾಲುಗಳು, ತೋಳುಗಳು ಎಲ್ಲ ಅವಳ ತಲೆಯನ್ನು ಮುಟ್ಟಲು ಬರುವಂತೆ ಇಳಿಬಿದ್ದಿದ್ದವು. ಹೋಗಬೇಕೆಂಬ ಆಸೆ ಎಷ್ಟು ಜೋರಾಗಿ ಎದ್ದಿತೆಂದರೆ ಅವಳು ಹೆದರಿ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಆಮೇಲೆ ಎಂದಿನಂತೆ ಎರಡನೆಯ ಸಂಪುಟ ಎಳೆದು, ರಾಜಮಾತೆಯ ಪುಟ ತೆಗೆದು, 'ಹೋರಾಡು' ಎಂಬಲ್ಲಿ ಬೆರಳಿಟ್ಟಳು. ಆಸೆ ಬಾಲ ಮುದುರಿಕೊಂಡು ಮಲಗಿತು. ಮೂರನೆಯ ಕರೆಯೂ ಮುಗಿದಂತೆಯೇ.

ಆದರೆ ಶುಕ್ರವಾರ ವಕೀಲರೊಬ್ಬರ ಕರಿ ಕೋಟು ಒಗೆಯಲು ಬಂತು.

ಒಗೆಯುವ ಮೊದಲು ಜೇಬು ತಡವುವುದು ಲಾಂಡ್ರಿಯ ಮೊದಲ ಪಾಠ. ಕೋಟಿನ ಒಳಜೇಬಿನಿಂದ ಒಂದು ದಪ್ಪ ಪುಸ್ತಕ ಹೊರಬಂತು. ಮೂರು ಸಂಪುಟಗಳನ್ನು ಒಂದರಲ್ಲೇ ಹಿಡಿಸಿದ, ಸಣ್ಣ ಅಕ್ಷರದ, ಹೊಸ ವಾಸನೆಯ 'ಕಂಚಿನ ಹೆಬ್ಬಾಗಿಲು'. ದಳವಾಯಿಗೆ ಪರವೂರಿನ ಜಾತ್ರೆಯಲ್ಲಿ ಸ್ವಂತ ಮಗು ಬೇರೆಯವರ ಸೊಂಟದ ಮೇಲೆ ಕಂಡಂತಾಯಿತು. ಅಂಗಿಗಳೊಳಗೆ ಕಳೆದುಹೋಗಿದ್ದ ಮೊದಲ ಅಧ್ಯಾಯವನ್ನು ಕೂಡ ಓದದೆ, ಆಸೆಬುರುಕಿಯಂತೆ ನೇರ ರಾಜಮಾತೆಯ ಬಳಿ ಹೋದಳು.

"ಮಗನೇ, ಇನ್ನು ತಡಮಾಡಬೇಡ, ಹೊರಡು."

ದಳವಾಯಿ ಕನ್ನಡಕ ಒರೆಸಿದಳು. ಹೊರಡು. ಪುಸ್ತಕವನ್ನು ಬೆಳಕಿಗೆ ಹಿಡಿದಳು. ಹೊರಡು.

"ಮಾಮ! ಈ ಮುಠ್ಠಾಳರು ಪುಸ್ತಕ ಕೆಡಿಸಿದ್ದಾರೆ! 'ಹೋರಾಡು' ಅಂತ ಇರೋದನ್ನ 'ಹೊರಡು' ಅಂತ ಅಚ್ಚು ಹಾಕಿದ್ದಾರೆ! ಎರಡು ದೀರ್ಘ ನುಂಗಿಬಿಟ್ಟಿದ್ದಾರೆ!"

ಹಬೆ ಮಾಮ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದ. ತುಟಿಯಲ್ಲೇ ಹೇಳಿಕೊಂಡು ನೋಡಿದ. "ಚಪ್ಪಲಿ, ನೀರು, ಬುತ್ತಿ, ಕೀಲಿಕೈ, ಹೊರಡು." ಆಮೇಲೆ ಏನೂ ಹೇಳದೆ ಮತ್ತೆ ಇಸ್ತ್ರಿ ಮಾಡತೊಡಗಿದ. ಅವನು ಏನಾದರೂ ಅಂದಿದ್ದರೆ ದಳವಾಯಿ ಜಗಳವಾಡಿ ಬದುಕಿಕೊಳ್ಳುತ್ತಿದ್ದಳು. ಸುಮ್ಮನಾದದ್ದೇ ಕೆಟ್ಟದಾಯಿತು.

ಸಂಜೆ ವಕೀಲರು ಕೋಟಿಗೆ ಬಂದರು. ದಳವಾಯಿ ಕೌಂಟರಿಗೆ ಒರಗಿ ದನಿ ತಗ್ಗಿಸಿದಳು.

"ವಕೀಲರೇ, ನಿಮ್ಮ ಜೇಬಲ್ಲಿ ಒಂದು ತಪ್ಪು ಸಿಕ್ಕಿದೆ."

ವಕೀಲರ ಮುಖ ಬಿಳಿಚಿತು. "ಯಾವುದು? ಆ ಚೀಟಿಯಾ? ಅದು ನಂದಲ್ಲಮ್ಮಾ, ನನ್ನ ಕಕ್ಷಿಗಾರಂದು."

"ಚೀಟಿ ಅಲ್ಲ, ಪುಸ್ತಕ." ಅವಳು ಎರಡನ್ನೂ ಪಕ್ಕಪಕ್ಕ ಬಿಡಿಸಿಟ್ಟಳು. ವಕೀಲರಿಗೆ ಜೀವ ಬಂತು. ಅವರು ಕೋರ್ಟಿನಲ್ಲಿ ದಾಖಲೆ ನೋಡುವಂತೆ ಎರಡನ್ನೂ ನೋಡಿದರು.

"ಹೊಸದು ಸರಿ ಇದೆಯಮ್ಮಾ. ನಿಮ್ಮದೇ ತಪ್ಪು. ಮೊದಲ ಮುದ್ರಣದಲ್ಲಿ ಅಚ್ಚಿನ ದೋಷ ತುಂಬ ಇತ್ತಂತೆ, ಈಗ ತಿದ್ದಿದ್ದಾರೆ, ಇಲ್ಲಿ ಮುನ್ನುಡಿಯಲ್ಲೇ ಹೇಳಿದ್ದಾರೆ. ಆಗೆಲ್ಲ ಅಕ್ಷರ ಅಂದ್ರೆ ಸೀಸದ ಮೊಳೆ, ಒಂದೊಂದೇ ಕೈಯಲ್ಲಿ ಜೋಡಿಸ್ತಿದ್ರು. ಜೋಡಿಸೋನು ಎರಡು ಮೊಳೆ ತಪ್ಪಾಗಿ ಇಟ್ಟಿದ್ದಾನೆ."

"ಎರಡೇ ಮೊಳೆ?"

"ಎರಡೇ. ಒಂದು ಅಲ್ಪವಿರಾಮ ಅತ್ತಿತ್ತ ಆಗಿ ಜನ ಮನೆ ಕಳಕೊಂಡಿದ್ದು ನೋಡಿದ್ದೀನಿ ನಾನು. ಎರಡು ದೀರ್ಘಕ್ಕೆ ಒಬ್ಬ ಸೇನಾಪತಿ ಹೋದ ಅಂದ್ರೆ ಅಗ್ಗವೇ ಆಯ್ತು."

"ಒಬ್ಬನೇ ಅಲ್ಲ" ಎಂದಳು ದಳವಾಯಿ.

ವಕೀಲರಿಗೆ ಅದು ಅರ್ಥವಾಗಲಿಲ್ಲ. ಕೋಟು, ಪುಸ್ತಕ, ಚೀಟಿ ಮೂರನ್ನೂ ತೆಗೆದುಕೊಂಡು ಹೋದರು.

ಅಂಗಡಿ ಮುಚ್ಚುವ ತನಕ ದಳವಾಯಿ ಒಂದೊಂದನ್ನೇ ಲೆಕ್ಕ ಹಾಕಿದಳು. ಚಪ್ಪಲಿ ನಡೆಯಲಿಕ್ಕೆ. ನೀರು ದಾರಿಗೆ. ಬುತ್ತಿ ದಾರಿಗೆ. ದಿಡ್ಡಿ ಬಾಗಿಲಿನ ಕೀಲಿಕೈ ದಿಡ್ಡಿ ಬಾಗಿಲು ತೆಗೆಯಲಿಕ್ಕೆ, ಅದಕ್ಕಲ್ಲದೆ ಇನ್ನೇತಕ್ಕೆ! ತಾಯಿ ಅಷ್ಟನ್ನೂ ಕೈಗೆ ಕೊಟ್ಟು, ಬಾಯಿಬಿಟ್ಟು 'ಹೊರಡು' ಎಂದಿದ್ದಳು. ಹುಡುಗ ಅತ್ತು, ಮಾತು ಮೀರಿ, ವೀರನಾಗಲು ಹೋಗಿ ಸತ್ತಿದ್ದ. ತಾಯಿ ಹೆಣದ ಮುಂದೆ ನಿಂತು ಅದನ್ನೇ ಹೇಳಿದ್ದಳು. ಇಡೀ ಪುಸ್ತಕ ಅವಳ ಕಿವಿಯಲ್ಲಿ ಒಂದೇ ಮಾತನ್ನು ಇಷ್ಟು ವರ್ಷ ಕೂಗಿತ್ತು. ಅವಳು ಪ್ರತಿಯೊಂದು ಕೂಗಿಗೂ ಒಂದೊಂದು ವ್ಯಾಖ್ಯಾನ ಹೊಲಿದು ಬಾಯಿ ಮುಚ್ಚಿದ್ದಳು. ಯಾರೋ ಪುಣ್ಯಾತ್ಮ, ಊಟದ ಹೊತ್ತಿನಲ್ಲೋ ತೂಕಡಿಕೆಯಲ್ಲೋ, ಎರಡು ಮೊಳೆ ಹೊಡೆದು ಅವಳನ್ನು ಈ ಸ್ಟೂಲಿಗೆ ಕೂರಿಸಿ ಹೋಗಿದ್ದ. ಹೋಗಲಿ, ಅವನನ್ನಾದರೂ ಬೈದುಕೊಳ್ಳೋಣವೆಂದರೆ ಅದೂ ಆಗದು. ಮೊಳೆ ಅವನದಾದರೂ ಕುಳಿತದ್ದು ಇವಳು.

ಶನಿವಾರ ಮಧ್ಯಾಹ್ನ ಅವಳು ತನಗೆ ಗೊತ್ತಿದ್ದ ಒಂದೇ ಬಗೆಯಲ್ಲಿ ಸೇಡು ತೀರಿಸಿಕೊಳ್ಳಲು ಕುಳಿತಳು. ಕಲೆ ತೆಗೆಯುವ ಬಾಟಲಿಗಳ ತಟ್ಟೆ ತಂದು, ಎರಡನೆಯ ಸಂಪುಟವನ್ನು ಬಿಡಿಸಿ, ಹಾಳೆಯಡಿಗೆ ಒತ್ತುಕಾಗದ ಇಟ್ಟಳು.

"ಏನಮ್ಮಾ ಅದು?" ಎಂದ ಹಬೆ ಮಾಮ.

"ಎರಡು ಕಲೆ ಇದೆ ಮಾಮ. ತೆಗೀತೀನಿ."

ಬರೆಯುವ ಶಾಯಿಯಾದರೆ ಅವಳಿಗೆ ಲೆಕ್ಕಕ್ಕಿಲ್ಲ. ಅಚ್ಚಿನ ಮಸಿ ಎಣ್ಣೆ ಬೆರೆತದ್ದು, ಸುಲಭಕ್ಕೆ ಬಿಡುವುದಿಲ್ಲ. ಟರ್ಪೆಂಟೈನಿನಲ್ಲಿ ಹತ್ತಿ ಅದ್ದಿ, ಕಡ್ಡಿಯ ತುದಿಗೆ ಸುತ್ತಿ, ಉಸಿರು ಬಿಗಿಹಿಡಿದು ಮೊದಲ ದೀರ್ಘವನ್ನು ಸವರಿದಳು. ಸ್ವಲ್ಪ ಮಂಕಾಯಿತು. ಇನ್ನೊಮ್ಮೆ ಸವರಿದಳು. ಹಬೆ ಮಾಮ ಇಸ್ತ್ರಿ ಬಿಟ್ಟು ಬಂದು ಹೆಗಲ ಮೇಲಿಂದ ಇಣುಕಿದ. ಎರಡನೆಯ ದೀರ್ಘಕ್ಕೆ ಬಂದಾಗ, ಯಾವ ರೇಷ್ಮೆಗೂ ಎಂದೂ ಏಟು ಮಾಡದ ಅವಳ ಕೈ ಒಂಚೂರು ಹೆಚ್ಚು ಒತ್ತಿತು. ವರ್ಷಗಳ ಹಬೆ ಕುಡಿದು ಮೆತ್ತಗಾಗಿದ್ದ ಹಾಳೆ ಉಸ್ಸೆಂದೂ ಅನ್ನದೆ ಕಿತ್ತುಬಂತು. 'ಹೋರಾಡು' ಇಡಿಯಾಗಿ ಹತ್ತಿಗೆ ಅಂಟಿಕೊಂಡು ಹೋಯಿತು. ಆ ಜಾಗದಲ್ಲಿ ಒಂದು ತೂತು.

ದಳವಾಯಿ ಒತ್ತುಕಾಗದವನ್ನು ಮೆಲ್ಲಗೆ ಎಳೆದಳು. ಅದರಡಿಯ ಹಾಳೆ ತೂತಿನೊಳಗಿಂದ ಇಣುಕಿತು. ಆ ಹಾಳೆಯಲ್ಲಿ ಕೋಟೆಯ ಗೋಡೆಗೆ ಕಲ್ಲು ಹೇರಿಕೊಂಡು ಹೋಗುವ ಕತ್ತೆಗಳ ವರ್ಣನೆಯಿತ್ತು.

ಹಬೆ ಮಾಮ ಅಕ್ಷರ ಕೂಡಿಸಿ ಓದಿದ. "ಮಗನೇ... ಇನ್ನು ತಡಮಾಡಬೇಡ... ಕತ್ತೆ."

ಇಬ್ಬರೂ ಪುಸ್ತಕವನ್ನು ನೋಡಿದರು.

"ಈಗ ಸರಿಯಾಗಿ ಅಚ್ಚಾಯ್ತು ನೋಡು" ಎಂದ ಹಬೆ ಮಾಮ.

ದಳವಾಯಿಗೆ ನಗು ಎಲ್ಲಿಂದ ಬಂತೋ, ಕೌಂಟರು ಹಿಡಿದುಕೊಂಡು ನಕ್ಕಳು, ಕೌಂಟರು ಬಿಟ್ಟು ನಕ್ಕಳು, ಮೇಲೆ ತೂಗುತ್ತಿದ್ದ ಯಾರದೋ ಪ್ಯಾಂಟಿನಲ್ಲಿ ಕಣ್ಣೊರೆಸಿಕೊಂಡಳು. ಏನಾಯಿತೆಂದು ಅಣ್ಣ ಮೆಟ್ಟಿಲಿಳಿದು ಬಂದ. ಅದೇ ಉಸಿರಿನಲ್ಲಿ ಅವಳು ಹೇಳಿಬಿಟ್ಟಳು.

"ಅಣ್ಣಾ, ನಾನು ಹೊರಡ್ತೀನಿ."

ಸರಿಯಾಗಿ ಆಗಲೇ ಬಾಯ್ಲರು ಬುಸ್ಸೆಂದಿತು.

"ಹೋರಾಡ್ತೀಯಾ? ಯಾರ ಜೊತೆ ಪುಟ್ಟಿ? ಮೂಲೆಯ ಡ್ರೈಕ್ಲೀನಿನವನು ಮತ್ತೆ ಏನಾದ್ರೂ ಅಂದನಾ?"

"ಹೋರಾಡಲ್ಲ ಅಣ್ಣಾ. ಹೊ-ರ-ಡ್ತೀನಿ. ಎರಡೂ ಹ್ರಸ್ವ."

"ಹ್ರಸ್ವ ಅಂದ್ರೆ?"

"ಅಂದ್ರೆ ಇನ್ನು ಎಳೆಯೋ ಹಾಗಿಲ್ಲ. ನಾಳೆ ಬೆಳಗ್ಗೆ ಮೊದಲನೇ ಬಸ್ಸು. ನಾಟಕದ ಕಂಪನಿಯಲ್ಲಿ ಕೆಲಸ."

ಅಣ್ಣನ ಮುಖದಲ್ಲಿ ಒಂದೊಂದೇ ಬಣ್ಣ ಇಳಿಯಿತು. ಕೈ ನಿಧಾನಕ್ಕೆ ಹಿಂದೆ ಹೋಯಿತು. "ಅಯ್ಯೋ... ಅಯ್ಯಯ್ಯೋ... ಹಿಡೀತು..."

ಮೆಟ್ಟಿಲ ತುದಿಯಿಂದ ಅತ್ತಿಗೆಯ ದನಿ ಬಂತು. ಅತ್ತಿಗೆ ಹೆಚ್ಚು ಮಾತಿನವಳಲ್ಲ. ಇಷ್ಟು ವರ್ಷ ಅವಳು ತನ್ನ ಪಕ್ಷದವಳೋ ಶತ್ರುಪಕ್ಷದವಳೋ ದಳವಾಯಿಗೆ ತಿಳಿದೇ ಇರಲಿಲ್ಲ.

"ಎಡಗಡೆ ಕೈ ಇಟ್ಟಿದ್ದೀರಿ" ಎಂದಳು ಅತ್ತಿಗೆ. "ಹೋದ ಸಲ ಬಲಗಡೆ ಹಿಡಿದಿತ್ತು."

ಅಣ್ಣ ಕೈ ಬದಲಾಯಿಸಿದ. ಆ ಕ್ಷಣದಲ್ಲಿ ಬ್ರಹ್ಮಾಸ್ತ್ರ ಠುಸ್ಸಾಯಿತು. ಆದರೂ ಅವನು ಹಠಕ್ಕೆ ಬಿದ್ದು ಹಾಸಿಗೆ ಹಿಡಿದ. ಆ ಸಂಜೆ ದಳವಾಯಿ ಅವನ ಮಂಚದ ಪಕ್ಕ ಕುಳಿತು ಶಟರಿನ ವಿದ್ಯೆಯನ್ನು ಮೊದಲಿಂದ ಕೊನೆತನಕ ಬೋಧಿಸಿದಳು. ಅವನು ಗೋಡೆಯ ಕಡೆ ತಿರುಗಿ ಮಲಗಿ ಕೇಳದವನಂತೆ ಕೇಳಿದ. ಕೊನೆಗೆ ಗೋಡೆಗೇ ಹೇಳಿದ: "ನೀನಿಲ್ಲದೆ ನಂಗೆ ಅಂಗಡಿ ನಡೆಸೋಕೆ ಬರಲ್ಲ ಪುಟ್ಟಿ." ಅದರಲ್ಲಿ ಸೊಂಟವೇನೂ ಇರಲಿಲ್ಲ, ಸೋಗಿಲ್ಲದ ಮಾತು. ದಳವಾಯಿಯ ಮನಸ್ಸು ಹಳೆಯ ಹಾಳೆಯಂತೆ ಕಿತ್ತುಬರುವುದರಲ್ಲಿತ್ತು. ಎದ್ದು ತನ್ನ ಕೋಣೆಗೆ ಹೋಗಿ, ವಾರಸುದಾರರಿಲ್ಲದ ಬಟ್ಟೆಗಳ ನಡುವೆ ಚೀಲ ತುಂಬಿದಳು. ಮೂರು ಸಂಪುಟಗಳನ್ನು ಹಬೆ ಮಾಮನಿಗೆಂದು ಇಸ್ತ್ರಿ ಮೇಜಿನ ಮೇಲೆ ಇಟ್ಟಳು. ಹಾಳೆ ಹರಿದು ಕಾಲರಿಗೆ ಇಟ್ಟರೆ ಕೈ ಮುರಿಯುತ್ತೇನೆ ಎಂದು ಚೀಟಿ ಬರೆದಿಟ್ಟಳು.

ಬೆಳಗ್ಗೆ ಕೆಳಗಿಳಿದಾಗ ಅತ್ತಿಗೆ ಶಟರಿನ ಪಕ್ಕ ನಿಂತಿದ್ದಳು. ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟನ್ನು ಅವಳ ಕೈಗಿಟ್ಟಳು. ಇನ್ನೂ ಬೆಚ್ಚಗಿತ್ತು.

"ಏನು ಅತ್ತಿಗೆ ಇದು?"

"ಬುತ್ತಿ. ದಾರೀಲಿ ತಿನ್ನು." ಗುರುವಾರದ ಫೋನಿನ ಮಾತು ಮೆಟ್ಟಿಲ ತುದಿಯವರೆಗೂ ಕೇಳಿಸಿತ್ತೇನೋ, "ಆ ಕಿಟಕಿಯಿಂದ ಏನು ಕಾಣುತ್ತೆ ಅಂತ ಫೋನು ಮಾಡಿ ಹೇಳು" ಎಂದಳು.

ದಳವಾಯಿ ಕೊನೆಯ ಸಲ ಶಟರಿಗೆ ಮೊಣಕಾಲು ಕೊಟ್ಟು ಎತ್ತಿ, ಬಗ್ಗಿ ಹೊರಗೆ ಬಂದು, ಮತ್ತೆ ಕೆಳಗೆಳೆದಳು. ಅಂಗಡಿ ತೆರೆಯಲು ಇನ್ನೂ ಹೊತ್ತಿತ್ತು. ಬೀದಿ ದಾಟಿದಳು. ನಿಲ್ದಾಣದ ಬೆಂಚು ಇಡಿಯಾಗಿತ್ತು. ಇನ್ನರ್ಧ ಇದ್ದದ್ದು ಅವಳಿಗೆ ಅಂದೇ ಗೊತ್ತಾದದ್ದು. ಬಸ್ಸಿನ ಹಣೆಯನ್ನು ಪೂರ್ತಿ ಓದಿ ಹತ್ತಿ ಕುಳಿತಳು.

ಎದುರಿಗೆ ಕೋಟೆಯ ಬಾಗಿಲು ಗಡಗಡ ನಡುಗಿತು. ಗೇಣುದ್ದ ಮೇಲೆದ್ದು ದಡ್ಡೆಂದು ಬಿತ್ತು. ಮತ್ತೆ ಎದ್ದಿತು, ಮತ್ತೆ ಬಿತ್ತು. ಒಳಗಿನಿಂದ ಅಣ್ಣನ ದನಿ: "ಪುಟ್ಟೀ! ಇದು ಬರ್ತಾ ಇಲ್ಲ ಕಣೇ! ನಾವು ಸಿಕ್ಕಿಹಾಕ್ಕೊಂಡ್ವಿ!"

ದಳವಾಯಿ ಸೀಟಿನಿಂದ ಅರ್ಧ ಎದ್ದಳು. ಚೀಲದ ಪಟ್ಟಿ ಹೆಗಲಿಗೆ ಏರಿತು. ಕಂಡಕ್ಟರು "ಇಳೀತೀರಾ, ಇರ್ತೀರಾ?" ಎಂದ. ಅವಳ ಒಂದು ಕಾಲು ನಡುದಾರಿಯಲ್ಲಿತ್ತು. ಆ ಕಾಲಿಗೆ ಶಟರಿನ ತೂಕ, ಮೊಣಕಾಲಿನ ಹಳೆಯ ಗಾಯ, ಗುದ್ದಿನ ಗಳಿಗೆ ಎಲ್ಲ ಬಾಯಿಪಾಠ. ಹೋಗಿ ಎತ್ತಿಕೊಟ್ಟು ಬರಲು ಒಂದು ನಿಮಿಷ ಸಾಕು. ಹಿಂದೆ ಒಂದು ವಾರ ಸಾಕಾಗಿದ್ದಂತೆ.

ಅವಳು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಬೀದಿಯ ನಾಯಿಗಳೆಲ್ಲ ಎದ್ದು ನಿಲ್ಲುವಂತೆ ಕೂಗಿದಳು:

"ಅಣ್ಣಾ! ಎಡಗಡೆ ಮೂಲೆ! ಮೊಣಕಾಲು! ಆಮೇಲೆ ಎತ್ತು!"

ತಗಡಿಗೆ ಮೊಣಕಾಲು ಬಿದ್ದ ಸದ್ದು, "ಅಮ್ಮಾ!" ಎಂಬ ಆರ್ತನಾದ, ಅದರ ಬೆನ್ನಿಗೇ ಶಟರು ಸರ್ರೆಂದು ಸೊಂಟದೆತ್ತರಕ್ಕೆ ಏರಿ ನಿಂತಿತು. ಅದರಡಿ ಎರಡು ಜೊತೆ ಕಾಲು ಕಂಡವು, ಅಣ್ಣನವು ಮತ್ತು ಅತ್ತಿಗೆಯವು. ಅತ್ತಿಗೆಯ ಕಾಲಲ್ಲಿ ಚಪ್ಪಲಿಯಿತ್ತು. ಅವು ಎರಡು ಹೆಜ್ಜೆ ಮುಂದೆ ಬಂದು ಬೀದಿಯ ಬಿಸಿಲಿಗೆ ನಿಂತವು.

ಬಸ್ಸು ಹೊರಟಿತು. ದಳವಾಯಿ ಕುಳಿತಳು. ಊರು ದಾಟುವ ತನಕ ಕಾಯುವುದು ಮರ್ಯಾದೆ ಎಂದು ಪಕ್ಕದ ಸೀಟಿನವಳ ಮುಖ ಹೇಳುತ್ತಿತ್ತು. ಆದರೆ ಬುತ್ತಿ ಬಿಚ್ಚದೆ ಸತ್ತ ಒಬ್ಬ ಹುಡುಗನ ವಿಚಾರ ಆ ಹೆಂಗಸಿಗೆ ತಿಳಿಯದು. ಮೊದಲನೆಯ ತಿರುವಿಗೂ ಮುಂಚೆ ದಳವಾಯಿ ಗಂಟು ಬಿಚ್ಚಿ, ತೊಡೆಯ ಮೇಲೆ ಹರಡಿಕೊಂಡು, ತಿನ್ನತೊಡಗಿದಳು.